ಡ್ರಾಯಿಂಗ್‌ನಲ್ಲಿ 4, ವೆಲ್ಡರ್ ಹೇಳೋದು 12: ಬೆಸುಗೆ ಸೈಜ್ ಯಾವುದು ಸರಿ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯಲ್ಲಿ ನಂದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ಗೇಟು, ಗ್ರಿಲ್, ಶೆಡ್ಡು ಮಾಡಿ ಅನುಭವ ಇದೆ. ಈಗ ಒಂದು ಕಾರ್ಖಾನೆಯಿಂದ ಎಲೆಕ್ಟ್ರಿಕ್ ಹಾಯಿಸ್ಟ್ ಓಡುವ ಬೀಮಿಗೆ 8 ಬ್ರ್ಯಾಕೆಟ್ ಮಾಡಿಕೊಡುವ ಕೆಲಸ ಬಂದಿದೆ. ಬ್ರ್ಯಾಕೆಟ್ 12 ಎಂಎಂ ಪ್ಲೇಟು, ಕಾಲಂಗೆ ತಾಗುವ ಕಡೆ 250 ಎಂಎಂ ಎತ್ತರ. ಕಾಲಂನ ಫ್ಲೇಂಜ್ (ಬ್ರ್ಯಾಕೆಟ್ ಕೂರುವ ಹೊರಮುಖದ ಪ್ಲೇಟು) 16 ಎಂಎಂ. ಹಾಯಿಸ್ಟು, ಬೀಮು, ಸರಕು ಎಲ್ಲ ಸೇರಿ ಒಂದು ಬ್ರ್ಯಾಕೆಟ್ ಮೇಲೆ ಹೆಚ್ಚೆಂದರೆ 2 ಟನ್ ಬರುತ್ತದಂತೆ, ಕಾಲಂ ಮುಖದಿಂದ 300 ಎಂಎಂ ದೂರದಲ್ಲಿ. ಸ್ಟೀಲು ಮಾಮೂಲಿ ಇ250.

ಹಾಯಿಸ್ಟ್ ಕಂಪನಿ ಯುರೋಪಿನದು. ಅವರ ಡ್ರಾಯಿಂಗ್‌ನಲ್ಲಿ ಎರಡೂ ಕಡೆ ತ್ರಿಕೋನದ ಗುರುತು ಹಾಕಿ ಪಕ್ಕದಲ್ಲಿ ಎ4 ಅಂತ ಇದೆ. ನಮ್ಮ ವೆಲ್ಡರ್ ಇಪ್ಪತ್ತು ವರ್ಷದ ಅನುಭವಿ. ‘4 ಎಂಎಂ ಬೆಸುಗೆಗೆ 2 ಟನ್ ನೇತುಹಾಕ್ತಾರಾ? ಪ್ಲೇಟ್ ಎಷ್ಟು ದಪ್ಪವೋ ಬೆಸುಗೆ ಅಷ್ಟು ದಪ್ಪ ಇರಬೇಕು’ ಅಂತಾರೆ. ಡಿಪ್ಲೊಮಾ ಓದುವ ನನ್ನ ಅಣ್ಣನ ಮಗ ‘ಮುಕ್ಕಾಲು ಭಾಗ, ಅಂದರೆ 9 ಎಂಎಂ ಸಾಕು ಕಾಕಾ’ ಅಂತಾನೆ. ನಾಲ್ಕು ಬ್ರ್ಯಾಕೆಟ್‌ಗೆ 12 ಎಂಎಂ ಹಾಕಿಸಿಬಿಟ್ಟೆ. ಅದರಲ್ಲಿ ಎರಡು ಪ್ಲೇಟು ಒಂದು ಕಡೆ ವಾಲಿವೆ. ಉಳಿದ ನಾಲ್ಕಕ್ಕೆ ಏನು ಮಾಡಲಿ? ಕೆಳಗೆ ಜನ ಓಡಾಡುತ್ತಾರೆ, ಅದೇ ಹೆದರಿಕೆ.

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ತಲೆಯ ಮೇಲೆ ತೂಕ ನೇತಾಡುವ ಕೆಲಸದಲ್ಲಿ ‘ಇರಲಿ, ಸ್ವಲ್ಪ ಜಾಸ್ತಿ ಹಾಕೋಣ’ ಅನ್ನಿಸುವುದು ಸಹಜ. ಆದರೆ ಬೆಸುಗೆಯಲ್ಲಿ ಜಾಸ್ತಿ ಹಾಕಿದ್ದೆಲ್ಲ ಭದ್ರತೆ ಆಗುವುದಿಲ್ಲ. ಕೆಲವೊಮ್ಮೆ ಅದೇ ತೊಂದರೆ ತರುತ್ತದೆ. ನಿಮ್ಮ ಎರಡು ಪ್ಲೇಟು ವಾಲಿದ್ದು ಅದಕ್ಕೇ.

ಮೊದಲು ನೇರ ಉತ್ತರ ಹೇಳುತ್ತೇನೆ. ನೀವು ಕೊಟ್ಟ ಅಂಕಿಗಳ ಪ್ರಕಾರ ಎರಡೂ ಕಡೆ 6 ಎಂಎಂ ಲೆಗ್ ಇರುವ ಫಿಲೆಟ್ (ಮೂಲೆಯಲ್ಲಿ ತ್ರಿಕೋನವಾಗಿ ತುಂಬುವ ಬೆಸುಗೆ), ಪೂರ್ತಿ 250 ಎಂಎಂ ಉದ್ದಕ್ಕೆ, ಸಾಕು. ಡ್ರಾಯಿಂಗ್ ಸರಿಯಾಗಿದೆ. ಆದರೆ ಎ4 ಅಂದರೆ ನೀವಂದುಕೊಂಡ 4 ಎಂಎಂ ಅಲ್ಲ.

ನಮ್ಮ ಶಾಪ್‌ಗಳಲ್ಲಿ ಬೆಸುಗೆ ಸೈಜ್ ಅಂದರೆ ಲೆಗ್. ಮೂಲೆಯಿಂದ ಪ್ಲೇಟಿನ ಮೇಲೆ ಬೆಸುಗೆ ಎಷ್ಟು ದೂರ ಹರಡಿದೆ ಅನ್ನುವ ಅಳತೆ ಅದು. ಉಕ್ಕಿನ ಕಟ್ಟಡಗಳಿಗೆ ನಮ್ಮ ದೇಶದ ಕೋಡ್ ಆದ ಐಎಸ್ 800 ಕೂಡ ಸೈಜ್ ಅಂತ ಲೆಗ್ಗನ್ನೇ ಹೇಳುತ್ತದೆ. ಯುರೋಪಿನ ಡ್ರಾಯಿಂಗ್‌ಗಳಲ್ಲಿ ‘ಝಡ್’ ಅಂತ ಬರೆದರೆ ಲೆಗ್, ‘ಎ’ ಅಂತ ಬರೆದರೆ ಥ್ರೋಟ್. ಥ್ರೋಟ್ ಅಂದರೆ ಒಳಮೂಲೆಯಿಂದ ಬೆಸುಗೆಯ ಮುಖಕ್ಕೆ ಇರುವ ಅತಿ ಕಡಿಮೆ ದೂರ. ಬೆಸುಗೆ ಮುರಿಯುವುದಾದರೆ ಅಲ್ಲೇ ಮುರಿಯಬೇಕು, ಹಾಗಾಗಿ ಲೆಕ್ಕವೆಲ್ಲ ಅದರ ಮೇಲೆ. ಎರಡು ಪ್ಲೇಟು 90 ಡಿಗ್ರಿಯಲ್ಲಿ ಕೂಡಿದರೆ ಥ್ರೋಟ್ ಅಂದರೆ ಲೆಗ್ಗಿನ 0.7 ಪಾಲು. ಎ4 ಬೇಕೆಂದರೆ ಲೆಗ್ 5.7, ಅಂದರೆ 6 ಎಂಎಂ. ಹೊರದೇಶದ ಡ್ರಾಯಿಂಗ್ ಹಿಡಿದು ಕೆಲಸ ಮಾಡುವ ಎಲ್ಲರೂ ಮೊದಲು ನೋಡಬೇಕಾದದ್ದು ಈ ಒಂದು ಅಕ್ಷರವನ್ನು. ಎ4 ನೋಡಿ 4 ಎಂಎಂ ಲೆಗ್ ಹಾಕಿದ್ದರೆ ಶಕ್ತಿ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತಿತ್ತು. ನಿಮ್ಮ ವೆಲ್ಡರ್‌ಗೆ 4 ಸಾಲದು ಅನ್ನಿಸಿದ್ದು ಸರಿಯೇ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಮಾತ್ರ ಅತಿಯಾಯಿತು.

6 ಎಂಎಂ ಎಲ್ಲಿಂದ ಬಂತು

ಈ ಲೆಕ್ಕವನ್ನು ಒಮ್ಮೆ ನೀವೇ ಪೆನ್ನು ಹಿಡಿದು ಮಾಡಿ. ಆಮೇಲೆ ಯಾರು ಏನೇ ಹೇಳಿದರೂ ನಿಮ್ಮ ಕೈಯಲ್ಲಿ ಅಂಕಿ ಇರುತ್ತದೆ.

2 ಟನ್ ಅಂದರೆ ಸುಮಾರು 20 ಕಿಲೋನ್ಯೂಟನ್. ಎಲೆಕ್ಟ್ರಿಕ್ ಹಾಯಿಸ್ಟ್ ಎತ್ತುವಾಗ, ನಿಲ್ಲಿಸುವಾಗ ಜರ್ಕ್ ಕೊಡುತ್ತದೆ. ಅದಕ್ಕೆ 25 ಪರ್ಸೆಂಟ್ ಸೇರಿಸಿದೆ, 25 ಆಯಿತು. ಐಎಸ್ 800ರ 2007ರ ಆವೃತ್ತಿ ಹೇಳುವ 1.5 ಲೋಡ್ ಫ್ಯಾಕ್ಟರ್‌ನಿಂದ ಗುಣಿಸಿದರೆ 37.5 ಕಿಲೋನ್ಯೂಟನ್. ಇದು ಕಾಲಂ ಮುಖದಿಂದ 300 ಎಂಎಂ ದೂರದಲ್ಲಿದೆ. ಹಾಗಾಗಿ ಬೆಸುಗೆ ಎರಡು ಕೆಲಸ ಮಾಡಬೇಕು. ತೂಕ ಕೆಳಕ್ಕೆ ಜಾರದಂತೆ ಹಿಡಿಯಬೇಕು. ಬ್ರ್ಯಾಕೆಟ್ ಮುಂದಕ್ಕೆ ಬಾಗಿ ಮೇಲ್ತುದಿ ಕಿತ್ತು ಬರದಂತೆಯೂ ಹಿಡಿಯಬೇಕು. ಈ ಎರಡನೆಯದೇ ದೊಡ್ಡದು, ಹೊಸಬರು ಮರೆಯುವುದೂ ಇದನ್ನೇ. ‘2 ಟನ್‌ಗೆ ಎಷ್ಟು ಬೆಸುಗೆ’ ಅಂತ ಕೇಳಿದರೆ ಅರ್ಧ ಪ್ರಶ್ನೆ ಕೇಳಿದ ಹಾಗೆ. ಎಷ್ಟು ದೂರದಲ್ಲಿ ಅನ್ನುವುದೂ ಬೇಕು.

ಬೆಸುಗೆಯ ಉದ್ದ 250 ಇದ್ದರೂ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಶುರು ಮಾಡುವ ಜಾಗ, ನಿಲ್ಲಿಸುವ ಜಾಗ ಸರಿ ತುಂಬಿರುವುದಿಲ್ಲ. ಅದಕ್ಕೇ ಸೈಜಿನ ಎರಡು ಪಟ್ಟು ಕಳೆಯಬೇಕು. 6 ಎಂಎಂ ಸೈಜಿಗೆ 238 ಉಳಿಯಿತು. ಕೆಳಕ್ಕೆ ಎಳೆಯುವ ಬಲ 37,500 ನ್ಯೂಟನ್ ಎರಡು ಸಾಲಿಗೆ ಹಂಚಿದರೆ ಒಂದೊಂದು ಎಂಎಂ ಉದ್ದಕ್ಕೆ ಸುಮಾರು 79 ನ್ಯೂಟನ್. ಬಾಗಿಸುವ ಬಲಕ್ಕೆ 37,500 ಅನ್ನು 300ರಿಂದ ಗುಣಿಸಿ, ಬಂದದ್ದನ್ನು 238ರ ವರ್ಗದ ಮೂರನೇ ಒಂದು ಪಾಲಿನಿಂದ ಭಾಗಿಸಬೇಕು. ಮೇಲ್ತುದಿಯಲ್ಲಿ ಒಂದೊಂದು ಎಂಎಂಗೆ ಸುಮಾರು 596 ನ್ಯೂಟನ್ ಬರುತ್ತದೆ. ನೋಡಿದಿರಾ, ಎಲ್ಲಿ 79, ಎಲ್ಲಿ 596!

6 ಎಂಎಂ ಫಿಲೆಟ್‌ನ ಥ್ರೋಟ್ 4.2. ಎರಡೂ ಬಲವನ್ನು ಕೋಡಿನ ಸೂತ್ರದಂತೆ ಕೂಡಿಸಿದರೆ ಥ್ರೋಟ್ ಮೇಲಿನ ಒತ್ತಡ ಚದರ ಎಂಎಂಗೆ ಸುಮಾರು 146 ನ್ಯೂಟನ್. ಇ250 ಸ್ಟೀಲಿಗೆ ಐಎಸ್ 800 ಒಪ್ಪುವುದು ಶಾಪ್‌ನಲ್ಲಿ ಮಾಡಿದ ಬೆಸುಗೆಗೆ 189, ಸೈಟ್‌ನಲ್ಲಿ ಮಾಡಿದ್ದಕ್ಕೆ 158. ಎರಡರಲ್ಲೂ ಪಾಸ್. ಡ್ರಾಯಿಂಗ್‌ನಲ್ಲಿರುವ ಎ4ಕ್ಕೆ ಸುಮಾರು 153 ಬರುತ್ತದೆ, ಅದೂ ಸೈಟಿನ ಮಿತಿಯೊಳಗೇ ಇದೆ. ಆ ಡ್ರಾಯಿಂಗ್ ಮಾಡಿದವರು ಸುಮ್ನೆ ಒಂದು ಅಂಕಿ ಬರೆದಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. 4 ಎಂಎಂ ಲೆಗ್ ಹಾಕಿದ್ದರೆ 210 ದಾಟುತ್ತಿತ್ತು, ಶಾಪ್ ಬೆಸುಗೆಯಾದರೂ ಫೇಲ್.

ಬಾಗಿಸುವ ಲೆಕ್ಕದಲ್ಲಿ ಉದ್ದದ ವರ್ಗ ಬಂತಲ್ಲ, ಇಡೀ ಲೆಕ್ಕದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಅದು. ಇದೇ ಬ್ರ್ಯಾಕೆಟ್ 250 ಬದಲು 150 ಎಂಎಂ ಎತ್ತರ ಇದ್ದಿದ್ದರೆ ಸೈಟ್‌ನಲ್ಲಿ 16 ಎಂಎಂ ಫಿಲೆಟ್ ಹಾಕಿದರೂ ಸಾಲುತ್ತಿರಲಿಲ್ಲ. ಪ್ಲೇಟೂ ತಡೆಯುತ್ತಿರಲಿಲ್ಲ. ಬೆಸುಗೆಯ ದಪ್ಪ ಎರಡು ಪಟ್ಟು ಮಾಡಿದರೆ ಶಕ್ತಿ ಎರಡು ಪಟ್ಟು. ಎತ್ತರ ಎರಡು ಪಟ್ಟು ಮಾಡಿದರೆ ಬಾಗುವಿಕೆಯ ವಿರುದ್ಧದ ಶಕ್ತಿ ನಾಲ್ಕು ಪಟ್ಟು. ಅನುಮಾನ ಬಂದಾಗ ರಾಡ್ ಜಾಸ್ತಿ ಸುಡುವ ಬದಲು ಬ್ರ್ಯಾಕೆಟ್ ಎತ್ತರ ಮಾಡಿ. ನಾನು ಯಾರಿಗೇ ಬ್ರ್ಯಾಕೆಟ್ ಬಗ್ಗೆ ಸಲಹೆ ಕೊಟ್ಟರೂ ಮೊದಲು ಹೇಳುವ ಮಾತು ಇದು.

ಪ್ಲೇಟಿನಷ್ಟೇ ದಪ್ಪದ ಬೆಸುಗೆ ಯಾಕೆ ಬೇಡ

ನಿಮ್ಮ ವೆಲ್ಡರ್ ಹೇಳಿದ ಮಾತು ಎಲ್ಲ ಶಾಪ್‌ನಲ್ಲೂ ಕೇಳಿಬರುತ್ತದೆ. ಒಂದೇ ಕಡೆ ಬೆಸುಗೆ ಹಾಕಲು ಜಾಗ ಇರುವಾಗ, ತೆಳು ಪ್ಲೇಟುಗಳಲ್ಲಿ, ಅದು ನಡೆದುಕೊಂಡು ಬಂದಿದೆ. 3 ಎಂಎಂ ಪ್ಲೇಟಿಗೆ 3 ಎಂಎಂ ಬೆಸುಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ. 12 ಎಂಎಂ ಪ್ಲೇಟಿಗೆ ಎರಡೂ ಕಡೆ 12 ಹಾಕಿದಾಗ ಕಥೆ ಬೇರೆ.

ಆಗ ಬೆಸುಗೆ ಪ್ಲೇಟಿಗಿಂತಲೂ ಗಟ್ಟಿಯಾಗುತ್ತದೆ. ಲೋಡ್ ಮಿತಿ ಮೀರಿದರೆ ಪ್ಲೇಟೇ ಮೊದಲು ಬಾಗುತ್ತದೆ. ಹೆಚ್ಚುವರಿ ಬೆಸುಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಖರ್ಚು ಮಾತ್ರ ಬೇರೆ ರೀತಿ ಏರುತ್ತದೆ. ಸೈಜ್ 6ರಿಂದ 12ಕ್ಕೆ ಹೋದರೆ ಶಕ್ತಿ ಎರಡು ಪಟ್ಟು, ಸುರಿಯುವ ಲೋಹ ನಾಲ್ಕು ಪಟ್ಟು. ನಿಮ್ಮ ಒಂದು ಬ್ರ್ಯಾಕೆಟ್‌ಗೆ 6 ಎಂಎಂ ಆದರೆ ಸುಮಾರು 70 ಗ್ರಾಂ ಲೋಹ ಸಾಕು. 12 ಆದರೆ 280 ಗ್ರಾಂ ದಾಟುತ್ತದೆ. ರಾಡಿನ ತುಂಡು, ಸ್ಲಾಗು, ಸಿಡಿದದ್ದು ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ. 6 ಎಂಎಂ ಒಂದೇ ರನ್‌ನಲ್ಲಿ, ಅಂದರೆ ರಾಡನ್ನು ಒಮ್ಮೆ ಎಳೆದರೆ, ಮುಗಿಯುತ್ತದೆ. 12ಕ್ಕೆ ರನ್ ಮೇಲೆ ರನ್, ಪ್ರತಿ ರನ್ ನಡುವೆ ಸ್ಲಾಗ್ ತೆಗೆಯಬೇಕು. ಎಲ್ಲೋ ಒಂದು ಕಡೆ ಸ್ಲಾಗ್ ಒಳಗೇ ಉಳಿಯುವ ಸಾಧ್ಯತೆಯೂ ಏರುತ್ತದೆ.

ದುಡ್ಡಿಗಿಂತ ದೊಡ್ಡ ಸಮಸ್ಯೆ ಶಾಖ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಎಷ್ಟು ಲೋಹವೋ ಅಷ್ಟು ಎಳೆತ. ಮೊದಲು ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ಹೋದರೆ ಪ್ಲೇಟು ಮೊದಲ ಕಡೆಗೇ ವಾಲಿ ನಿಲ್ಲುತ್ತದೆ. ನಿಮ್ಮ ವೆಲ್ಡರ್ ಹಾಗೇ ಮಾಡಿದ್ದಾರೆ ಅಂತ ಕಾಣುತ್ತದೆ. ವಾಲದಂತೆ ಬಿಗಿಯಾಗಿ ಕಟ್ಟಿ ಹಾಕಿದರೆ ಆ ಎಳೆತ ಒಳಗೇ ಉಳಿಯುತ್ತದೆ. ಅದು ಬಿರುಕಿಗೆ ದಾರಿ ಮಾಡಿಕೊಡಬಹುದು. ಕಾಲಂ ಫ್ಲೇಂಜಿನ ಒಳಪದರ ಪದರವಾಗಿ ಸೀಳುವುದೂ ಉಂಟು, ದಪ್ಪ ಪ್ಲೇಟು ಮತ್ತು ದೊಡ್ಡ ಬೆಸುಗೆ ಸೇರಿದಾಗ.

ಮುಕ್ಕಾಲು ಭಾಗದ ಸೂತ್ರದ ಬಗ್ಗೆ ನಿಮ್ಮ ಅಣ್ಣನ ಮಗನಿಗೆ ಒಂದು ಮಾತು. ಅವನು ಓದಿದ್ದು ಸುಳ್ಳಲ್ಲ. ಪ್ಲೇಟಿನ ಪೂರ್ತಿ ಶಕ್ತಿಯನ್ನು ಬೆಸುಗೆ ದಾಟಿಸಬೇಕಾದಾಗ, ಎರಡೂ ಕಡೆ ಹಾಕುವ ಫಿಲೆಟ್‌ಗೆ ಅಮೆರಿಕದ ಕೈಪಿಡಿಗಳಲ್ಲಿರುವ ಅಂದಾಜು ಲೆಕ್ಕ ಅದು, ಅಲ್ಲಿಯ ಸ್ಟೀಲು, ಅಲ್ಲಿಯ ರಾಡು, ಅಲ್ಲಿಯ ಕೋಡಿಗೆ. ಐಎಸ್ 800 ಪ್ರಕಾರ ಇ250ರ 12 ಎಂಎಂ ಪ್ಲೇಟಿನ ಪೂರ್ತಿ ಶಕ್ತಿಗೆ 9 ಸಾಲದು, 10ಕ್ಕಿಂತ ತುಸು ಜಾಸ್ತಿ ಬೇಕು. ಆದರೆ ಇಲ್ಲಿ ಪೂರ್ತಿ ಶಕ್ತಿ ಯಾರಿಗೆ ಬೇಕು? ನಿಮ್ಮ ಪ್ಲೇಟಿನಲ್ಲಿ ಬಾಗುವಿಕೆಯಿಂದ ಬರುವ ಒತ್ತಡ 90, ಅದು ತಾಳುವುದು 227. ಅರ್ಧವೂ ಬಳಕೆಯಾಗುತ್ತಿಲ್ಲ. ಲೋಡ್ ಗೊತ್ತಿಲ್ಲದಾಗ ಪ್ಲೇಟಿನ ದಪ್ಪದಿಂದ ಸೈಜ್ ಊಹಿಸಬಹುದು. ಲೋಡ್ ಗೊತ್ತಿರುವಾಗ ಯಾಕೆ ಊಹಿಸಬೇಕು?

ತೀರಾ ಸಣ್ಣದೂ ಆಗಬಾರದು

ಇದನ್ನು ಕೇಳಿ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ‘ಲೋಡ್ ಕಡಿಮೆ ಇದೆ, 3 ಎಂಎಂ ಎಳೆದುಬಿಡು’ ಅಂತಾರೆ. ದಪ್ಪ ಪ್ಲೇಟಿನ ಮೇಲೆ ಸಣ್ಣ ಬೆಸುಗೆ ಎಳೆದರೆ ಸುತ್ತಲಿನ ತಣ್ಣನೆಯ ಕಬ್ಬಿಣ ಶಾಖವನ್ನು ಥಟ್ಟನೆ ಹೀರಿಕೊಳ್ಳುತ್ತದೆ. ಕಮ್ಮಾರ ಕಾದ ಕುಡುಗೋಲನ್ನು ನೀರಿಗೆ ಅದ್ದಿದ ಹಾಗೆ, ಆ ಜಾಗ ಗಡುಸಾಗುತ್ತದೆ. ಕುಡುಗೋಲಿಗೆ ಅದು ಬೇಕು, ಬೆಸುಗೆಗೆ ಬೇಡ. ಗಡುಸಾದ ಜಾಗಕ್ಕೆ ರಾಡಿನ ತೇವದಿಂದ ಬಂದ ಹೈಡ್ರೋಜನ್ ಸೇರಿದರೆ ಮರುದಿನ ಕೂಡ ಬಿರುಕು ಬಿಡಬಹುದು.

ಅದಕ್ಕೇ ಲೋಡ್ ಎಷ್ಟೇ ಕಡಿಮೆಯಿರಲಿ, ಐಎಸ್ 800 ಒಂದು ಕನಿಷ್ಠ ಸೈಜ್ ಇಟ್ಟಿದೆ. ಕೂಡುವ ಎರಡರಲ್ಲಿ ದಪ್ಪನೆಯದು 10 ಎಂಎಂವರೆಗೆ ಇದ್ದರೆ 3, 10 ದಾಟಿ 20ರವರೆಗೆ 5, 20 ದಾಟಿ 32ರವರೆಗೆ 6. ಅದಕ್ಕಿಂತ ದಪ್ಪ 50ರವರೆಗೆ ಇದ್ದರೆ ಮೊದಲ ರನ್ 8, ಒಟ್ಟು ಸೈಜ್ 10. ನಿಮ್ಮ ಫ್ಲೇಂಜ್ 16, ಹಾಗಾಗಿ 5ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಇಲ್ಲಿ ದಪ್ಪ ಪ್ಲೇಟನ್ನು ನೋಡಬೇಕು, ತೆಳುವಾದದ್ದನ್ನಲ್ಲ. ಒಂದರ ಮೇಲೊಂದು ಪ್ಲೇಟು ಇಟ್ಟು ಅಂಚಿಗೆ ಬೆಸುಗೆ ಹಾಕುವಾಗ ಮೇಲಿನ ಮಿತಿಯೂ ಇದೆ. ಅಂಚಿನ ದಪ್ಪಕ್ಕಿಂತ 1.5 ಎಂಎಂ ಕಡಿಮೆ ಇಡಬೇಕು, ಇಲ್ಲದಿದ್ದರೆ ಅಂಚೇ ಕರಗಿ ಹೋಗುತ್ತದೆ. ನಿಮ್ಮ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ.

ಹೆಚ್ಚು ಶಕ್ತಿಯ 7018 ರಾಡ್ ಹಾಕಿದರೆ ಸೈಜ್ ಇನ್ನೂ ಕಡಿಮೆ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಲೆಕ್ಕದಲ್ಲಿ ರಾಡು, ಪ್ಲೇಟು ಎರಡರಲ್ಲಿ ಯಾವುದು ದುರ್ಬಲವೋ ಅದರ ಶಕ್ತಿಯನ್ನೇ ಹಿಡಿಯಬೇಕು. ಆದರೂ ಈ ಕೆಲಸಕ್ಕೆ ನಾನು 6013 ಬದಲು 7018 ಹಾಕಿ ಅನ್ನುತ್ತೇನೆ, ಬಿರುಕಿನ ಭಯ ಕಡಿಮೆ ಅನ್ನುವ ಕಾರಣಕ್ಕೆ. ಪ್ಯಾಕೆಟ್ ಒಡೆದು ವಾರಗಟ್ಟಲೆ ಹೊರಗಿಟ್ಟ ರಾಡು ಬೇಡ. ಓವನ್‌ನಲ್ಲಿ ಒಣಗಿಸಿಯೇ ಬಳಸಿ. ತೇವ ಹಿಡಿದ 7018ರಿಂದ ಆ ಲಾಭ ಸಿಗುವುದಿಲ್ಲ.

ಸೈಜಿಗಿಂತ ಮುಖ್ಯವಾದದ್ದು

ಬೆಸುಗೆ ಬಿಟ್ಟುಹೋದ ಕೆಲಸಗಳನ್ನು ನೋಡಲು ಕರೆದಾಗ ಸೈಜ್ ಕಡಿಮೆಯಾಗಿ ಹೋದದ್ದು ನನಗೆ ಕಂಡಿರುವುದು ಅಪರೂಪ. ಹೆಚ್ಚಾಗಿ ಬೆಸುಗೆ ಹೊರಗೆ ಚಂದ ಕಾಣುತ್ತಿರುತ್ತದೆ, ಆದರೆ ಒಳಮೂಲೆಗೆ ಹಿಡಿದೇ ಇರುವುದಿಲ್ಲ. ರೂಟ್ ಕರಗದಿದ್ದರೆ 12 ಎಂಎಂ ಬೆಸುಗೆಯೂ ಅಂಟಿಸಿದ ಮೇಣದಂತೆ ಎದ್ದು ಬರುತ್ತದೆ. ವಿಶೇಷವಾಗಿ ಮಿಗ್ ಮಷಿನ್ ಬಳಸುವವರು ಹುಷಾರಾಗಿರಬೇಕು. ಕರೆಂಟ್ ಕಡಿಮೆ ಇಟ್ಟು 12, 16 ಎಂಎಂ ಪ್ಲೇಟಿನ ಮೇಲೆ ಎಳೆದರೆ ಬೀಡ್ ನುಣ್ಣಗೆ ಕೂರುತ್ತದೆ, ಒಳಗೆ ಕೂಡಿರುವುದಿಲ್ಲ.

ಬೆಸುಗೆ ಬೀಳುವ ಜಾಗದಲ್ಲಿ ಪೇಂಟು, ರೆಡ್ ಆಕ್ಸೈಡು, ತುಕ್ಕು, ಮಿಲ್ ಸ್ಕೇಲು ಏನಿದ್ದರೂ ಗ್ರೈಂಡ್ ಮಾಡಿ ಹೊಳೆಯುವ ಹಾಗೆ ಮಾಡಿ. ಗ್ಯಾಸ್ ಕಟಿಂಗ್ ಮಾಡಿದ ಅಂಚು ವಕ್ರವಾಗಿದ್ದರೆ ನೇರ ಮಾಡಿ. ಪ್ಲೇಟಿಗೂ ಫ್ಲೇಂಜಿಗೂ ನಡುವೆ ಗ್ಯಾಪ್ ಇದ್ದರೆ ಅಷ್ಟು ಥ್ರೋಟ್ ಕಳೆದುಹೋದಂತೆ. 1.5 ಎಂಎಂ ದಾಟಿದ ಗ್ಯಾಪ್ ಇದ್ದರೆ ಗ್ಯಾಪ್ ಎಷ್ಟೋ ಅಷ್ಟು ಲೆಗ್ ಹೆಚ್ಚಿಸಿ. ಇಲ್ಲಿ ಮಾತ್ರ ದೊಡ್ಡ ಸೈಜಿಗೆ ಕಾರಣ ಇದೆ.

ಮುಗಿದ ಮೇಲೆ ಫಿಲೆಟ್ ಗೇಜ್ ಇಟ್ಟು ಅಳೆಯಿರಿ, ಕಣ್ಣಳತೆ ಬೇಡ. ಒಂದು ಲೆಗ್ 8, ಇನ್ನೊಂದು 5 ಇದ್ದರೆ ಅದು 5ರ ಬೆಸುಗೆ ಅಂತಲೇ ಲೆಕ್ಕ. ಮುಖ ಒಳಕ್ಕೆ ತಗ್ಗಾಗಿದ್ದರೆ ಲೆಗ್ 6 ಇದ್ದರೂ ಥ್ರೋಟ್ ಕಡಿಮೆ ಇರುತ್ತದೆ, ಆಗ ಥ್ರೋಟನ್ನೇ ಅಳೆಯಬೇಕು.

ಇದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಬ್ ಬೇಕಿಲ್ಲ. ಇದೇ 12 ಮತ್ತು 16 ಎಂಎಂ ಪ್ಲೇಟಿನ ಎರಡು ತುಂಡು ತೆಗೆದುಕೊಂಡು, ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಕಡೆ 150 ಎಂಎಂ ಉದ್ದ ಬೆಸುಗೆ ಹಾಕಿಸಿ. ಅದೇ ವೆಲ್ಡರ್, ಅದೇ ರಾಡ್, ಅದೇ ಕರೆಂಟ್. ಆರಿದ ಮೇಲೆ ನಿಂತ ಪ್ಲೇಟನ್ನು ಬೆಸುಗೆ ಇರುವ ಕಡೆಗೇ ಬೀಳುವಂತೆ ಪ್ರೆಸ್‌ನಿಂದಲೋ ಸುತ್ತಿಗೆಯಿಂದಲೋ ಬಾಗಿಸಿ. ಒಡೆದರೆ ಒಳಗಿನ ಮೂಲೆ ನೋಡಿ. ಪ್ಲೇಟಿನ ಅಂಚು ಕತ್ತರಿಸಿದಾಗ ಇದ್ದ ಹಾಗೇ ನೇರ ಗೆರೆಯಾಗಿ ಕಾಣುತ್ತಿದ್ದರೆ ರೂಟ್ ಹಿಡಿದಿಲ್ಲ. ಕರೆಂಟ್ ಹೆಚ್ಚಿಸಿ, ರಾಡಿನ ಕೋನ ಸರಿಮಾಡಿ, ಮತ್ತೆ ಮಾಡಿ. ನಿಮ್ಮ ವೆಲ್ಡರ್ ಅನುಭವಿ ಅಂದಿರಿ. ಅವರ ಮುಂದೆ ಗಣಿತ ಇಡುವುದಕ್ಕಿಂತ ಈ ಒಡೆದ ತುಂಡನ್ನು ಇಡಿ. 6 ಎಂಎಂ ಬೆಸುಗೆ ಮುರಿಯಲು ಎಷ್ಟು ಬಲ ಬೇಕಾಯಿತು ಅಂತ ಅವರ ಕೈಗೇ ಗೊತ್ತಾಗುತ್ತದೆ.

ಉಳಿದ ನಾಲ್ಕಕ್ಕೆ ದಾರಿಗಳು

ಬ್ರ್ಯಾಕೆಟ್ಟನ್ನು ಕಾಲಂಗೆ ಎಲ್ಲಿ ಕೂಡಿಸುತ್ತೀರಿ ಅಂತ ನೀವು ಬರೆದಿಲ್ಲ. ಕಾಲಂ ಇನ್ನೂ ನಿಮ್ಮ ಶಾಪ್‌ನಲ್ಲೇ ಮಲಗಿದ್ದರೆ ಸುಲಭ. ಎರಡೂ ಕಡೆ 6 ಎಂಎಂ, ಒಂದೇ ರನ್. ಎರಡೂ ಕಡೆ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದರೆ ಪ್ಲೇಟು ವಾಲುವುದಿಲ್ಲ. ಮೇಲ್ತುದಿಯಲ್ಲಿ ನಿಲ್ಲಿಸದೆ ಪ್ಲೇಟಿನ ದಪ್ಪಕ್ಕೂ ಸುತ್ತಿಸಿ ತನ್ನಿ. ಹೆಚ್ಚು ಎಳೆತ ಬರುವುದು ಅಲ್ಲೇ, ಅಲ್ಲಿ ರಾಡ್ ನಿಲ್ಲಿಸಿದ ಗುಂಡಿ ಇರಬಾರದು.

ಕಾಲಂ ಆಗಲೇ ಎದ್ದು ನಿಂತಿದ್ದರೆ ಬೆಸುಗೆ ನೆಟ್ಟಗೆ ನಿಂತ ಗೆರೆಯಲ್ಲಿ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಮಾಡಬಲ್ಲ ವೆಲ್ಡರೇ ಬೇಕು. ಮೇಲಿನಿಂದ ಕೆಳಕ್ಕೆ ಎಳೆದರೆ ಬೇಗ ಮುಗಿಯುತ್ತದೆ, ಒಳಗೆ ಹಿಡಿಯುವುದಿಲ್ಲ. ಅಟ್ಟಣಿಗೆ ಮೇಲೆ ನಿಂತು, ಗಾಳಿಯಲ್ಲಿ, ಕೈ ಎಟುಕದ ಕಡೆ ಮಾಡುವ ಬೆಸುಗೆಗೆ ಕೋಡ್ ಕಡಿಮೆ ಶಕ್ತಿ ಹಿಡಿಯುವುದು ಇದಕ್ಕೇ. ನಮ್ಮ 6 ಎಂಎಂ ಆ ಲೆಕ್ಕದಲ್ಲೂ ಪಾಸಾಗಿದೆ, ಆದರೆ ಉಳಿದಿರುವ ಅಂತರ ಕಡಿಮೆ.

ಅಂಥ ಕಡೆ ನನಗೆ ಇಷ್ಟವಾದ ದಾರಿ ಬೋಲ್ಟು. ಶಾಪ್‌ನಲ್ಲೇ ಬ್ರ್ಯಾಕೆಟ್ ಹಿಂದೆ ಒಂದು ಎಂಡ್ ಪ್ಲೇಟ್ ವೆಲ್ಡ್ ಮಾಡಿ, ಸೈಟ್‌ನಲ್ಲಿ ಕಾಲಂಗೆ ಬೋಲ್ಟ್ ಹಾಕಿ. ಬೆಸುಗೆ ನಿಮ್ಮ ಕಣ್ಣೆದುರು ಆಗುತ್ತದೆ, ಪರೀಕ್ಷೆಯೂ ಸುಲಭ. ಆದರೆ ಎಂಡ್ ಪ್ಲೇಟಿನ ದಪ್ಪ, ಬೋಲ್ಟಿನ ಸೈಜಿಗೆ ಬೇರೆ ಲೆಕ್ಕ ಬೇಕು, ಕಾಲಂಗೆ ತೂತು ಹಾಕಲು ಕಾರ್ಖಾನೆಯವರ ಒಪ್ಪಿಗೆಯೂ ಬೇಕು.

ಹಾಯಿಸ್ಟು ದಿನವಿಡೀ ಎತ್ತಿ ಇಳಿಸುತ್ತಲೇ ಇರುತ್ತದೆ ಅಂತಾದರೆ ಆಯಾಸದ ಬಿರುಕಿನ ಪ್ರಶ್ನೆ ಬರುತ್ತದೆ. ಆ ಬಿರುಕು ಹೆಚ್ಚಾಗಿ ಬೆಸುಗೆಯ ಅಂಚಿನಲ್ಲಿ, ಪ್ಲೇಟು ಕರಗಿ ತಗ್ಗಾದ ಗೆರೆ, ಅಂದರೆ ಅಂಡರ್‌ಕಟ್ ಇರುವ ಕಡೆ ಶುರುವಾಗುತ್ತದೆ. ಸೈಜ್ ದೊಡ್ಡದು ಮಾಡಿದರೆ ಅದು ತಪ್ಪುವುದಿಲ್ಲ. ಅಂಚು ಪ್ಲೇಟಿಗೆ ನುಣ್ಣಗೆ ಸೇರಬೇಕು. ತೀರಾ ಹೆಚ್ಚು ಬಳಕೆ ಇದ್ದರೆ ಪ್ಲೇಟಿನ ಅಂಚು ಓರೆ ಕಡಿದು ಪೂರ್ತಿ ತುಂಬುವ ಬೆಸುಗೆ ಹಾಕಿಸುತ್ತಾರೆ. ಅದಕ್ಕೆ ನುರಿತ ಕೈ ಬೇಕು, ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಪರೀಕ್ಷೆ ಮಾಡಿಸಲು ಆಗದಿದ್ದರೆ ಚೆನ್ನಾಗಿ ಹಾಕಿದ ಫಿಲೆಟ್ಟೇ ಮೇಲು.

ಒಂದು ವಿಷಯ ನನ್ನ ಲೆಕ್ಕದಲ್ಲಿ ಸೇರಿಲ್ಲ. ನಾನು ನೋಡಿದ್ದು ಬ್ರ್ಯಾಕೆಟ್ಟಿನ ಬೆಸುಗೆ ಮತ್ತು ಪ್ಲೇಟು ಮಾತ್ರ. ಬ್ರ್ಯಾಕೆಟ್ ಕಾಲಂನ ವೆಬ್ (ನಡುವಿನ ಪ್ಲೇಟು) ನೇರಕ್ಕೆ ಕೂರುತ್ತದಾ, ಫ್ಲೇಂಜಿನ ಹಿಂದೆ ಸ್ಟಿಫ್ನರ್ (ಬಲ ಕೊಡುವ ಪಟ್ಟಿ) ಬೇಕಾ, ಹಾಯಿಸ್ಟ್ ಪಕ್ಕಕ್ಕೆ ಎಳೆದರೆ ಏನು, ಕಾಲಂ ಈ ಹೊಸ ತೂಕ ತಾಳುತ್ತದಾ ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಸಹಿ ಹಾಕಬೇಕು. ಬ್ರ್ಯಾಕೆಟ್ ವೆಬ್ ಬಿಟ್ಟು ಫ್ಲೇಂಜಿನ ಅಂಚಿಗೆ ಬಂದರೆ ಫ್ಲೇಂಜೇ ಬಾಗಿ, ಬೆಸುಗೆಯ ಮೇಲೆ ಲೋಡ್ ಸಮನಾಗಿ ಹಂಚುವುದಿಲ್ಲ. ಆಗ ಈ 6 ಎಂಎಂ ಲೆಕ್ಕ ನಿಲ್ಲುವುದಿಲ್ಲ. ಕೆಲಸ ಕೊಟ್ಟ ಕಾರ್ಖಾನೆಯಿಂದಲೇ ಆ ಸಹಿ ಕೇಳಿ ಪಡೆಯಿರಿ.

ಇನ್ನು 12 ಎಂಎಂ ಹಾಕಿಸಿದ ಆ ನಾಲ್ಕು. ಗ್ರೈಂಡ್ ಮಾಡಿ 6ಕ್ಕೆ ಇಳಿಸಲು ಹೋಗಬೇಡಿ, ಅದರಿಂದ ಲಾಭವಿಲ್ಲ. ನೆಟ್ಟಗಿರುವ ಎರಡನ್ನು ಚೆನ್ನಾಗಿ ಒರೆಸಿ, ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಾಕಿ ಬಿರುಕು ನೋಡಿ. ಬೆಸುಗೆಯ ಎರಡೂ ಅಂಚಲ್ಲಿ ಅಂಡರ್‌ಕಟ್ ಇದೆಯಾ ನೋಡಿ. ಚೊಕ್ಕವಾಗಿದ್ದರೆ ಬಳಸಬಹುದು. ವಾಲಿದ ಎರಡರಲ್ಲಿ ವಾಲಿಕೆ ಎಷ್ಟು ಅಂತ ಅಳೆದು ಡ್ರಾಯಿಂಗ್ ಕೊಟ್ಟವರಿಗೆ ತಿಳಿಸಿ. ಒಪ್ಪುವ ಮಿತಿ ಅವರೇ ಹೇಳಬೇಕು, ಯಾಕೆಂದರೆ ಮೇಲೆ ಕೂರುವ ಬೀಮಿಗೆ ಎಷ್ಟು ಹೊಂದಾಣಿಕೆ ಇದೆ ಅನ್ನುವುದು ಅವರಿಗೆ ಗೊತ್ತು. ಸುತ್ತಿಗೆಯಿಂದ ಹೊಡೆದು ಮಾತ್ರ ನೆಟ್ಟಗೆ ಮಾಡಬೇಡಿ. ಆ ಪೆಟ್ಟೆಲ್ಲ ಬೆಸುಗೆಯ ಬುಡಕ್ಕೆ ಬೀಳುತ್ತದೆ. ಅವರು ಒಪ್ಪದಿದ್ದರೆ ಆ ಎರಡನ್ನು ಹೊಸದಾಗಿ ಮಾಡಿ. 6 ಎಂಎಂ ಆದ್ದರಿಂದ ಈ ಸಲ ಕೆಲಸ ಬೇಗ ಮುಗಿಯುತ್ತದೆ.